ಅಕ್ಕೋರೇ, ಕೊಚ್ಚಿಯನ್ನು ದೋಣಿಯಲ್ಲೇ ನೋಡಬಹುದಾ?

ಕಳೆದ ಸಂಚಿಕೆಯಲ್ಲಿ ಕೊಚ್ಚಿಯ ಚೆರ್ಲಾಯಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿಬಂದದ್ದನ್ನು ಎರಡೇ ಸಾಲು ಬರೆದಿದ್ದೆ. ಊರೊಳಗೆ ತಿರುಗಾಟವೆಲ್ಲ ದೋಣಿಯಲ್ಲೇ ಆಯಿತು ಅಂದಿದ್ದೆ. ಅದನ್ನೇ ಹಿಡಿದು ಕಾರವಾರ, ಅಂಕೋಲಾ, ಶಿರಸಿಯಿಂದ ಪತ್ರಗಳು ಬಂದಿವೆ. ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಡಿಸೆಂಬರ್ ರಜೆಯಲ್ಲಿ ಕೊಚ್ಚಿಗೆ ಹೋಗುವವರಿದ್ದೇವೆ. ನಾವಿಬ್ಬರು, ಎರಡು ಮಕ್ಕಳು, ಮಂಡಿನೋವಿನ ಅತ್ತೆ. ಎಲ್ಲರೂ "ಮೂರು ದಿನಕ್ಕೂ ಟ್ಯಾಕ್ಸಿ ಮಾಡಿಕೊಳ್ಳಿ" ಅನ್ನುತ್ತಾರೆ. ವಯಸ್ಸಾದವರನ್ನು ಕಟ್ಟಿಕೊಂಡು ದೋಣಿಯಲ್ಲಿ ತಿರುಗುವುದು ಆಗುವ ಮಾತಾ? — ಕೋಡಿಬಾಗ, ಕಾರವಾರ

ಆಗುತ್ತದೆ. ಟ್ಯಾಕ್ಸಿಗಿಂತ ಸುಖವಾಗಿಯೇ ಆಗುತ್ತದೆ.

ಮೊದಲು ಊರು ಹೇಗಿದೆ ನೋಡಿ. ರೈಲು ಇಳಿಯುವ ಎರ್ನಾಕುಲಂ ಪೂರ್ವದ ದಡದಲ್ಲಿದೆ. ನೀವು ನೋಡಬೇಕೆಂದಿರುವ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ ಎಲ್ಲ ಪಶ್ಚಿಮದ ದಡದಲ್ಲಿವೆ. ನಡುವೆ ಹಿನ್ನೀರು. ಆ ನೀರಿನ ಮಧ್ಯೆ ವಿಲ್ಲಿಂಗ್ಡನ್ ದ್ವೀಪ. ಬಂದರು ಕಟ್ಟುವಾಗ ಹೂಳೆತ್ತಿ, ಆ ಮಣ್ಣನ್ನೇ ತುಂಬಿ ಮಾಡಿದ ದ್ವೀಪ ಅದು. ಉತ್ತರಕ್ಕೆ ವೈಪಿನ್ ದ್ವೀಪ ಉದ್ದಕ್ಕೆ ಚಾಚಿಕೊಂಡಿದೆ. ರಸ್ತೆಯಲ್ಲಿ ಹೋದರೆ ದಕ್ಷಿಣಕ್ಕೆ ಸುತ್ತಿ, ಸೇತುವೆಗಳನ್ನು ದಾಟಿ, ತೋಪ್ಪುಂಪಡಿಯ ಟ್ರಾಫಿಕ್ಕಿನಲ್ಲಿ ನಿಂತು ಹೋಗಬೇಕು. ದೋಣಿಯಲ್ಲಿ ಎದುರಿಗೆ ಕಾಣುವ ದಡಕ್ಕೆ ನೇರವಾಗಿ ಹೋಗುತ್ತೀರಿ. ಇಪ್ಪತ್ತು ನಿಮಿಷದ ಮಾತು. ಅಲ್ಲಿನವರಿಗೆ ದೋಣಿ ಅಂದರೆ ಬಸ್ಸು ಇದ್ದ ಹಾಗೆ. ಆಫೀಸಿಗೆ, ಶಾಲೆಗೆ, ಮೀನಿನ ಪೇಟೆಗೆ ಅದರಲ್ಲೇ ಹೋಗಿಬರುತ್ತಾರೆ. ನೀವೂ ಹಾಗೆಯೇ ಬಳಸಿ. "ಬೋಟಿಂಗ್ ಸಾರ್, ಹಾರ್ಬರ್ ವ್ಯೂ" ಎಂದು ಕರೆಯುವವರ ಹಿಂದೆ ಹೋಗಬೇಡಿ. ಅವರು ನೀರಿನ ಮೇಲೆ ಒಂದು ಸುತ್ತು ಹೊಡೆಸಿ ಹತ್ತಿದಲ್ಲೇ ಇಳಿಸುತ್ತಾರೆ.

ನಿಮಗೆ ಬೇಕಾದ ದೋಣಿಗಳು ಎರಡು ಬಗೆ. ಒಂದು ಹೊಸದು, ವಾಟರ್ ಮೆಟ್ರೊ. ಇನ್ನೊಂದು ಹಳೆಯದು, ಕೇರಳ ಸರಕಾರದ ಜಲಸಾರಿಗೆ ಇಲಾಖೆಯದು.

ನಿಮ್ಮ ಅತ್ತೆಯವರಿಗೆ ವಾಟರ್ ಮೆಟ್ರೊನೇ ಸರಿ. 2023ರ ಏಪ್ರಿಲ್‌ನಲ್ಲಿ ಶುರುವಾದದ್ದು. ಬ್ಯಾಟರಿಯಲ್ಲಿ ಓಡುವ ದೋಣಿ, ಕೊಚ್ಚಿ ಶಿಪ್‌ಯಾರ್ಡಿನಲ್ಲೇ ಕಟ್ಟಿದ್ದು. ಒಳಗೆ ಎ.ಸಿ., ದೊಡ್ಡ ಗಾಜಿನ ಕಿಟಕಿ, ನೂರು ಜನಕ್ಕೆ ಜಾಗ. ಆದರೆ ನಾನು ಮೆಚ್ಚಿದ್ದು ಇವು ಯಾವುದನ್ನೂ ಅಲ್ಲ, ದೋಣಿ ಹತ್ತುವ ಕಟ್ಟೆಯನ್ನು. ನಮ್ಮ ಕಡೆ ದೋಣಿ ಹತ್ತುವುದೆಂದರೆ ಏನು ಕಷ್ಟ ಅಂತ ನಿಮಗೆ ಗೊತ್ತು. ಭರತಿ ಇದ್ದಾಗ ದೋಣಿ ಜೆಟ್ಟಿಯ ಮಟ್ಟಕ್ಕಿರುತ್ತದೆ, ಇಳಿತ ಆಯಿತೆಂದರೆ ಮೂರು ಮೆಟ್ಟಿಲು ಕೆಳಗೆ ಹೋಗಿರುತ್ತದೆ. ಯಾರೋ ಕೈ ಹಿಡಿದು ಎಳೆಯಬೇಕು, ಸೀರೆ ಎತ್ತಿ ಹಾರಬೇಕು. ವಾಟರ್ ಮೆಟ್ರೊದಲ್ಲಿ ಕಟ್ಟೆಯೇ ನೀರಿನ ಮೇಲೆ ತೇಲುತ್ತದೆ. ಭರತಿಗೆ ಅದೂ ಏರುತ್ತದೆ, ಇಳಿತಕ್ಕೆ ಅದೂ ಇಳಿಯುತ್ತದೆ. ಹಾಗಾಗಿ ದೋಣಿಯ ನೆಲ ಮತ್ತು ಕಟ್ಟೆಯ ನೆಲ ಯಾವ ಹೊತ್ತಿನಲ್ಲೂ ಒಂದೇ ಮಟ್ಟ. ನನ್ನ ಮುಂದೆಯೇ ಒಬ್ಬ ಹೆಂಗಸು ಗಾಲಿಕುರ್ಚಿಯಲ್ಲಿದ್ದ ತನ್ನ ತಾಯಿಯನ್ನು ಯಾರ ಸಹಾಯವೂ ಇಲ್ಲದೆ ತಳ್ಳಿಕೊಂಡು ಒಳಗೆ ಹೋದರು. ಆ ತಾಯಿ ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡಿದ್ದರು. ನಮ್ಮ ಜೆಟ್ಟಿಗಳಲ್ಲೂ ಇಂಥದ್ದೊಂದು ಬೇಕು ಎಂದು ನನಗೆ ಅಷ್ಟು ಬಲವಾಗಿ ಅನ್ನಿಸಿದ್ದು ಆಗಲೇ.

ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೊ ಇದೆ. ನಾನು ಕೊಟ್ಟ ಟಿಕೆಟ್ 40 ರೂಪಾಯಿ. ರೈಲ್ವೆ ಸ್ಟೇಷನ್ನಿನಿಂದ ಹೈಕೋರ್ಟ್ ಜೆಟ್ಟಿಗೆ ಆಟೊ ಮಾಡಿಕೊಳ್ಳಿ, ಹತ್ತಿರವೇ. ಮಟ್ಟಾಂಚೇರಿ ಮತ್ತು ವಿಲ್ಲಿಂಗ್ಡನ್ ದ್ವೀಪದ ಜೆಟ್ಟಿಗಳು 2025ರ ಅಕ್ಟೋಬರ್‌ನಲ್ಲಿ ತೆರೆದವು. ಮಟ್ಟಾಂಚೇರಿಯಲ್ಲಿ ಇಳಿದರೆ ಡಚ್ ಅರಮನೆ ಪಕ್ಕದಲ್ಲೇ. ಅತ್ತೆಯವರು ಜಾಸ್ತಿ ನಡೆಯಬೇಕಾಗಿಲ್ಲ.

ಹಳೆಯ ಸರಕಾರಿ ದೋಣಿ ಎರ್ನಾಕುಲಂನ ಮುಖ್ಯ ಬೋಟ್ ಜೆಟ್ಟಿಯಿಂದ ಹೊರಡುತ್ತದೆ. ಸುಭಾಷ್ ಪಾರ್ಕಿನ ಪಕ್ಕ. ಟಿಕೆಟ್ಟಿಗೆ ಒಂದು ಚಾದ ದುಡ್ಡೂ ಆಗುವುದಿಲ್ಲ. ಎ.ಸಿ. ಇಲ್ಲ, ಗಾಳಿ ಬೇಕಾದಷ್ಟಿದೆ. ಮಕ್ಕಳನ್ನು ಒಂದು ಸಲವಾದರೂ ಇದರಲ್ಲಿ ಕೂರಿಸಲೇಬೇಕು. ಮುಂದಿನ ಕಡೆ ಸ್ರಾಂಕ್, ಅಂದರೆ ದೋಣಿ ನಡೆಸುವವರು, ಚಕ್ರ ಹಿಡಿದು ನಿಂತಿರುತ್ತಾರೆ. ಇಂಜಿನ್ ಅವರ ಕೈಯಲ್ಲಿಲ್ಲ. ಅದನ್ನು ನೋಡಿಕೊಳ್ಳುವವರು ಬೇರೆ, ಕೂತಿರುವುದು ಇಂಜಿನ್ನಿನ ಹತ್ತಿರ. ಸ್ರಾಂಕ್ ಹಗ್ಗ ಜಗ್ಗುತ್ತಾರೆ, ಅಲ್ಲಿ ಗಂಟೆ ಬಾರಿಸುತ್ತದೆ, ಆ ಲೆಕ್ಕಕ್ಕೆ ಅವರು ಇಂಜಿನ್ನಿನ ವೇಗ ಏರಿಸುತ್ತಾರೆ, ಇಳಿಸುತ್ತಾರೆ. ಜೆಟ್ಟಿ ಹತ್ತಿರ ಬಂದಾಗ ಗಂಟೆ ಮೇಲಿಂದ ಮೇಲೆ ಬಾರಿಸುತ್ತದೆ. ದೋಣಿಯ ಕೆಲಸದಾಳು ಲಾಸ್ಕರ್ ಹಗ್ಗ ಎಸೆದು ಕಂಬಕ್ಕೆ ಸುತ್ತುತ್ತಾನೆ, ದೋಣಿ ಹಳೆ ಟಯರುಗಳಿಗೆ ಒರಗಿ ನಿಲ್ಲುತ್ತದೆ. ನಾನು ಮೇಷ್ಟರ ಕೆಲಸದಲ್ಲಿದ್ದಾಗ ಮಕ್ಕಳಿಗೆ ಭೂಗೋಳ ಹೇಳುತ್ತಿದ್ದವಳು. ಹಿನ್ನೀರು, ಬಂದರು, ಒಳನಾಡು ಜಲಸಾರಿಗೆ ಎಂದು ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಒಂದು ದಿನ ಈ ದೋಣಿಯ ಮುಂದಿನ ಬೆಂಚಿನಲ್ಲಿ ಕೂರಿಸಿದರೆ ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ.

ನನ್ನ ಸಲಹೆ ಇಷ್ಟು. ಬೆಳಗ್ಗೆ ವಾಟರ್ ಮೆಟ್ರೊದಲ್ಲಿ ಫೋರ್ಟ್ ಕೊಚ್ಚಿಗೆ ಹೋಗಿ. ದಡದಲ್ಲಿ ಚೀನೀ ಬಲೆಗಳಿವೆ. ದೊಡ್ಡ ಮರದ ತೊಲೆಗೆ ಕಲ್ಲು ಕಟ್ಟಿ, ನಾಲ್ಕಾರು ಜನ ಹಗ್ಗ ಜಗ್ಗಿ ಬಲೆ ಎತ್ತುವುದನ್ನು ಬೆಳಗ್ಗೆಯೇ ನೋಡಬೇಕು, ಬಿಸಿಲೇರಿದ ಮೇಲೆ ಅಲ್ಲ. ಸೇಂಟ್ ಫ್ರಾನ್ಸಿಸ್ ಚರ್ಚ್ ಅಲ್ಲೇ ಹತ್ತಿರ. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡಾಗ ಹೂತದ್ದು ಇಲ್ಲೇ. ಆಮೇಲೆ ಅವನ ಅಸ್ಥಿಯನ್ನು ಪೋರ್ಚುಗಲ್ಲಿಗೆ ಒಯ್ದರು. ಮಧ್ಯಾಹ್ನ ಆಟೊದಲ್ಲಿ ಮಟ್ಟಾಂಚೇರಿಗೆ ಬನ್ನಿ. ವಾರ ನೋಡಿಕೊಂಡು ಹೋಗಿ. ಡಚ್ ಅರಮನೆಗೆ ಶುಕ್ರವಾರ ರಜೆ. 1568ರ ಯಹೂದಿ ಪ್ರಾರ್ಥನಾ ಮಂದಿರ ಶುಕ್ರವಾರ, ಶನಿವಾರ ಎರಡೂ ದಿನ ನೋಡಲು ಸಿಗುವುದಿಲ್ಲ. ಅರಮನೆಯ ಗೋಡೆಯ ಮೇಲಿನ ರಾಮಾಯಣದ ಚಿತ್ರಗಳನ್ನು ಮಾತ್ರ ತಪ್ಪಿಸಬೇಡಿ. ಅತ್ತೆಯವರಿಗೆ ಮೆಟ್ಟಿಲು ಹತ್ತಲು ಸ್ವಲ್ಪ ಹೊತ್ತು ಕೊಡಿ.

ಅಲ್ಲಿಂದ ಚೆರ್ಲಾಯಿ ಕಾಲ್ನಡಿಗೆಯ ದೂರ. ನಿಮ್ಮ ಮನೆಯಲ್ಲಿ ಕೊಂಕಣಿ ಮಾತಾಡುತ್ತೀರಿ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಹಾಗಾದರೆ ಹೋಗಲೇಬೇಕು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಹೊರಟ ಸಾರಸ್ವತರಲ್ಲಿ ಒಂದಷ್ಟು ಜನ ನಮ್ಮ ಕರಾವಳಿಯಲ್ಲಿ ನಿಂತರು, ಒಂದಷ್ಟು ಜನ ಕೊಚ್ಚಿಯವರೆಗೂ ಹೋದರು. ಅವರು ಕಟ್ಟಿದ ತಿರುಮಲ ದೇವಸ್ಥಾನ ಅಲ್ಲಿದೆ. ಅದರ ಸುತ್ತಿನ ಬೀದಿಗಳಲ್ಲಿ ಮಲಯಾಳದ ನಡುವೆ ಕೊಂಕಣಿ ಕಿವಿಗೆ ಬೀಳುತ್ತದೆ. ರಾಗ ಸ್ವಲ್ಪ ಬೇರೆ, ಮಾತು ನಮ್ಮದೇ. ನಿಮ್ಮ ಅತ್ತೆಯವರು ಅಲ್ಲಿ ಯಾರ ಹತ್ತಿರವಾದರೂ ಮಾತಿಗೆ ನಿಂತರೆ ಎಬ್ಬಿಸುವುದು ನಿಮಗೆ ಕಷ್ಟವಾದೀತು.

ಸಂಜೆ ವಾಪಸ್ ಬರುವಾಗ ಒಂದು ಎಚ್ಚರ. ರಜೆಯ ದಿನ ಫೋರ್ಟ್ ಕೊಚ್ಚಿಯ ವಾಟರ್ ಮೆಟ್ರೊ ಜೆಟ್ಟಿಯಲ್ಲಿ ಸಾಲು ಬಹಳ ಉದ್ದ ಇರುತ್ತದೆ. ದೋಣಿಗೆ ಎಷ್ಟು ಜನರೋ ಅಷ್ಟೇ ಜನರನ್ನು ಬಿಡುತ್ತಾರೆ. ಹಾಗಿದ್ದಾಗ ಕಾಯಬೇಡಿ. ಅಲ್ಲೇ ಕಸ್ಟಮ್ಸ್ ಜೆಟ್ಟಿಯಿಂದ ಸರಕಾರಿ ದೋಣಿ ಹಿಡಿದು ಬನ್ನಿ. ಬೆಳಗ್ಗೆ ಇಳಿದ ಕೂಡಲೇ ಎರಡೂ ಕಡೆ "ಕೊನೆಯ ದೋಣಿ ಎಷ್ಟಕ್ಕೆ?" ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಡಿಸೆಂಬರ್ 31ರಂದು ಮಾತ್ರ ಫೋರ್ಟ್ ಕೊಚ್ಚಿ ಬೇಡ. ಅವತ್ತು ರಾತ್ರಿ ಸಮುದ್ರದ ದಡದಲ್ಲಿ ಪಪ್ಪಾಂಜಿ ಎಂಬ ದೊಡ್ಡ ಮುದುಕನ ಗೊಂಬೆ ಸುಡುತ್ತಾರೆ. ನೋಡಲು ಚೆಂದ, ಆದರೆ ಕಾಲಿಡಲು ಜಾಗ ಇರುವುದಿಲ್ಲ. ಮಂಡಿನೋವಿನವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವ ಜಾಗ ಅಲ್ಲ ಅದು. ಅವತ್ತು ವೈಟ್ಟಿಲದಿಂದ ಕಾಕ್ಕನಾಡಿಗೆ ಹೋಗುವ ವಾಟರ್ ಮೆಟ್ರೊ ಹಿಡಿಯಿರಿ. ಪ್ರವಾಸಿಗಳು ಕಡಿಮೆ, ಎರಡೂ ಬದಿಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ತೆಂಗು, ದಡಕ್ಕೆ ಕಟ್ಟಿದ ಚಿಕ್ಕ ದೋಣಿಗಳು. ನನಗಂತೂ ಇಡೀ ಕೊಚ್ಚಿಯಲ್ಲಿ ಜಾಸ್ತಿ ಇಷ್ಟವಾದ ದಾರಿ ಅದೇ.

ಕಾರವಾರದಿಂದ ಕೊಚ್ಚಿಗೆ ಹಡಗಿನಲ್ಲೇ ಹೋಗಬಹುದಾ? ಇಲ್ಲದಿದ್ದರೆ ಯಾವ ರೈಲು ಒಳ್ಳೆಯದು? — ಹಬ್ಬುವಾಡ, ಕಾರವಾರ

ಪ್ರಯಾಣಿಕರ ಹಡಗು ಇಲ್ಲ. ಅಜ್ಜ-ಅಜ್ಜಿಯರ ಕಾಲದಲ್ಲಿ ಮುಂಬೈಯ ಆಗಬೋಟು ಕಾರವಾರಕ್ಕೆ ಬರುತ್ತಿತ್ತು, ಈಗ ರೈಲೇ ಗತಿ.

ಶಿರವಾಡದ ನಮ್ಮ ಸ್ಟೇಷನ್ನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ನಿಲ್ಲುತ್ತದೆ, ನೇತ್ರಾವತಿಯೂ ನಿಲ್ಲುತ್ತದೆ. ಮಂಗಳಾ ಎರ್ನಾಕುಲಂ ಜಂಕ್ಷನ್ನಿಗೇ ಕೊನೆ. ಹಾಗಾಗಿ ನಿದ್ದೆಯಲ್ಲಿ ಊರು ದಾಟಿಹೋಯಿತೆಂಬ ಚಿಂತೆ ಇಲ್ಲ, ಸಾಮಾನು ಇಳಿಸಲು ಗಡಿಬಿಡಿಯೂ ಇಲ್ಲ. ನೇತ್ರಾವತಿ ಮುಂದೆ ಆಲಪ್ಪುಳದ ಮೇಲೆ ತಿರುವನಂತಪುರಕ್ಕೆ ಹೋಗುತ್ತದೆ. ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ, ಡಿಸೆಂಬರ್ ಪ್ರಯಾಣವಾದರೆ ಆ ದಿನವೇ ಮಾಡಿಸಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ. ರೈಲುಗಳು ನಿಧಾನ ಓಡುತ್ತವೆ, ಹೊರಡುವ ಹೊತ್ತೂ ಬದಲಾಗುತ್ತದೆ. ಜೂನ್‌ನಿಂದ ಅಕ್ಟೋಬರ್ ನಡುವೆ ಹೋಗುವವರು ಹಳೆ ಟೈಮನ್ನು ನಂಬಿ ಸ್ಟೇಷನ್ನಿಗೆ ಹೋಗಬೇಡಿ.

ನೇತ್ರಾವತಿಯಲ್ಲಿ ಆಲಪ್ಪುಳದವರೆಗೂ ಹೋಗುವವರಿಗೆ ಒಂದು ಮಾತು. ಅಲ್ಲಿ ಹೌಸ್‌ಬೋಟಿಗೆ ಸಾವಿರಗಟ್ಟಲೆ ಸುರಿಯುವ ಮೊದಲು ಆಲಪ್ಪುಳದಿಂದ ಕೋಟ್ಟಯಂಗೆ ಹೋಗುವ ಸರಕಾರಿ ದೋಣಿ ಹತ್ತಿ ನೋಡಿ. ಸುಮಾರು ಎರಡೂವರೆ ಗಂಟೆಯ ದಾರಿ. ಗದ್ದೆಯ ಬದು, ಮನೆಯ ಹಿತ್ತಿಲು, ಬಟ್ಟೆ ಒಗೆಯುವ ಕಲ್ಲು, ಎಲ್ಲದರ ಪಕ್ಕದಲ್ಲೇ ದೋಣಿ ಸಾಗುತ್ತದೆ.

ಕೂರ್ಮಗಡದ ದುರಂತದ ಮೇಲೆ ನಾನು ದೋಣಿ ಹತ್ತಿಲ್ಲ. ಮಗ ಕೊಚ್ಚಿಯಲ್ಲಿ ಕೆಲಸಕ್ಕಿದ್ದಾನೆ. ದಿನಾ ದೋಣಿಯಲ್ಲಿ ಹೋಗುತ್ತೇನೆ ಅನ್ನುತ್ತಾನೆ. ಕೇಳಿದರೇ ಎದೆ ಹೊಡೆದುಕೊಳ್ಳುತ್ತದೆ. ನನ್ನನ್ನೂ ಕರೆಯುತ್ತಿದ್ದಾನೆ. ಹೋಗಲೋ ಬೇಡವೋ? — ಬೈತಖೋಲ, ಕಾರವಾರ

ತಾಯಿ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ದೇವರ ಪ್ರಸಾದ ಕೈಯಲ್ಲಿ ಹಿಡಿದು ಬರುತ್ತಿದ್ದವರು, ಮಕ್ಕಳೂ ಇದ್ದರು. ಕಾರವಾರದಲ್ಲಿ ಅವತ್ತು ಒಲೆ ಹಚ್ಚದ ಮನೆಗಳು ಎಷ್ಟೋ. ಅದನ್ನು ಮರೆತುಬಿಡಿ ಎಂದು ನಾನು ಹೇಳುವುದಿಲ್ಲ.

ಕೊಚ್ಚಿಯಲ್ಲಿ ಏನೂ ಆಗಿಲ್ಲ ಎಂದೂ ಹೇಳುವುದಿಲ್ಲ. 2015ರ ಆಗಸ್ಟ್‌ನಲ್ಲಿ ಫೋರ್ಟ್ ಕೊಚ್ಚಿಯ ಹತ್ತಿರ ಮೀನುಗಾರಿಕೆ ದೋಣಿಯೊಂದು ಜನರಿದ್ದ ದೋಣಿಗೆ ಬಡಿದು ಸಾವುಗಳಾದವು. ಆದರೆ ನಿಮ್ಮ ಮಗ ಈಗ ಹೋಗಿಬರುವ ದಾರಿ ತೆರೆದ ಸಮುದ್ರವಲ್ಲ. ಕೂರ್ಮಗಡಕ್ಕೆ ಹೋಗುವಾಗ ಅಲೆ ನೇರವಾಗಿ ಮೈಮೇಲೆ ಬರುತ್ತದೆ. ಕೊಚ್ಚಿಯ ಹಿನ್ನೀರಿಗೆ ಹೊರಗಿನ ಅಲೆ ಅಷ್ಟು ಬರುವುದಿಲ್ಲ. ವಾಟರ್ ಮೆಟ್ರೊ ದೋಣಿಗೆ ಕೆಳಗೆ ಎರಡು ಹೊಟ್ಟೆ, ಜೋಡಿ ದೋಣಿಯ ಮೇಲೆ ಹಲಗೆ ಹಾಸಿದ ಲೆಕ್ಕ. ಒಂದು ಬದಿಗೆ ಜನ ಸರಿದರೂ ಸುಲಭಕ್ಕೆ ವಾಲುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ಅಲ್ಲಿ ಗೇಟಿನಲ್ಲೇ ಲೆಕ್ಕ ಇಡುತ್ತಾರೆ. ನೂರು ತುಂಬಿತೆಂದರೆ ಗೇಟು ಮುಚ್ಚಿತು. "ಇನ್ನೊಬ್ಬರು, ಇನ್ನೊಬ್ಬರೇ" ಎನ್ನುವ ಮಾತಿಗೆ ಜಾಗವಿಲ್ಲ. ನಮ್ಮಲ್ಲಿ ಆ ದಿನ ದೋಣಿಯಲ್ಲಿ ಜನ ಜಾಸ್ತಿಯಾಗಿದ್ದರು ಎಂಬ ಮಾತು ಎಲ್ಲ ಕಡೆ ಕೇಳಿಬಂದಿತ್ತಲ್ಲ. ಆ ಒಂದು ಗೇಟು ನಮ್ಮಲ್ಲೂ ಇದ್ದಿದ್ದರೆ ಎಂದು ಕೊಚ್ಚಿಯಲ್ಲಿ ನಿಂತಾಗೆಲ್ಲ ನನಗೆ ಅನ್ನಿಸುತ್ತದೆ.

ಯಾವ ಊರಿನಲ್ಲೇ ಆಗಲಿ, ನಾನು ಹತ್ತುವ ಮೊದಲು ನೋಡುವುದು ಇವಿಷ್ಟು. ಜನ ನಿಂತು ಹೋಗುವಷ್ಟು ತುಂಬಿದೆಯಾ? ಲೈಫ್ ಜಾಕೆಟ್ ಕೈಗೆ ಸಿಗುವ ಹಾಗಿವೆಯಾ, ಇಲ್ಲ ಹಗ್ಗ ಬಿಗಿದು ಕಟ್ಟಿಟ್ಟಿದ್ದಾರಾ? ಚಿಕ್ಕ ದೋಣಿಯಾದರೆ ಜಾಕೆಟ್ ಹಾಕಿಸಿ, ಪಟ್ಟಿ ಬಿಗಿದು ಕೂರಿಸುತ್ತಾರಾ? ಇಲ್ಲ ಎಂದಾದರೆ ಇಳಿದುಬಿಡುತ್ತೇನೆ. ಮುಜುಗರ ಪಡುವುದಿಲ್ಲ. ನೀವೂ ಪಡಬೇಡಿ.

ಹೋಗಿ. ಮೊದಲ ದಿನ ಮಗನ ಜೊತೆ ಸುಮ್ನೆ ಜೆಟ್ಟಿಯಲ್ಲಿ ಕೂತು ನಾಲ್ಕು ದೋಣಿ ಬಂದು ಹೋಗುವುದನ್ನು ನೋಡಿ. ಹತ್ತಲೇಬೇಕೆಂದಿಲ್ಲ. ಮಾರನೇ ದಿನ ಮನಸ್ಸು ಬಂದರೆ ವೈಟ್ಟಿಲದಿಂದ ಹತ್ತಿ. ಬಾರದಿದ್ದರೆ ಮೇಲೆ ಮೆಟ್ರೊ ರೈಲು ಇದೆ, ಮಗನಿಗೂ ಬೇಜಾರಾಗುವುದಿಲ್ಲ.

ಬೈಕಿನಲ್ಲಿ ಕೊಚ್ಚಿಗೆ ಹೊರಟಿದ್ದೇವೆ, ಇಬ್ಬರು ಗೆಳೆಯರು. ಫೆರಿಯಲ್ಲಿ ಬೈಕ್ ಹಾಕಿಕೊಂಡು ಹೋಗುವುದು ಹೇಗೆ? — ಅಂಕೋಲಾ

ವಾಟರ್ ಮೆಟ್ರೊಗೆ ಬೈಕ್ ಹತ್ತಿಸುವ ಹಾಗಿಲ್ಲ. ನಿಮಗೆ ಬೇಕಾದದ್ದು ವೈಪಿನ್–ಫೋರ್ಟ್ ಕೊಚ್ಚಿ ರೋ-ರೋ. ಲಾರಿ, ಕಾರು, ಬೈಕು, ಜನ ಎಲ್ಲ ಒಟ್ಟಿಗೇ ಹೋಗುವ ದೊಡ್ಡ ತೆಪ್ಪ. "ಸೇತುಸಾಗರ" ಎಂಬ ಹೆಸರಿನ ಎರಡು ರೋ-ರೋಗಳು 2018ರಿಂದ ಓಡುತ್ತಿವೆ. ದಾಟಲು ಐದು ನಿಮಿಷ ಸಾಕು.

ಹೆದ್ದಾರಿ 66ರಲ್ಲೇ ಬರುತ್ತೀರಲ್ಲ, ಹಾಗಾದರೆ ಎಡಪ್ಪಳ್ಳಿಯ ಗದ್ದಲಕ್ಕೆ ಹೋಗಲೇ ಬೇಡಿ. ಉತ್ತರ ಪರವೂರಿನಲ್ಲಿ ಬಲಕ್ಕೆ ತಿರುಗಿ ಚೆರಾಯಿಗೆ ಹೋಗಿ. ಅಲ್ಲಿ ಒಳ್ಳೆಯ ಕಡಲತೀರ ಇದೆ, ದಣಿವಾರಿಸಿಕೊಳ್ಳಿ. ಅಲ್ಲಿಂದ ವೈಪಿನ್ ದ್ವೀಪದ ಉದ್ದಕ್ಕೂ ನೇರ ದಕ್ಷಿಣಕ್ಕೆ ಬಂದರೆ ರಸ್ತೆ ಮುಗಿಯುವುದೇ ರೋ-ರೋ ಜೆಟ್ಟಿಯಲ್ಲಿ. ದಾಟಿದರೆ ಚೀನೀ ಬಲೆಗಳ ಪಕ್ಕದಲ್ಲೇ ಇಳಿಯುತ್ತೀರಿ. ಎರಡರಲ್ಲಿ ಒಂದು ರಿಪೇರಿಗೆ ಹೋಗಿದ್ದರೆ ಸಾಲು ಉದ್ದವಾಗುತ್ತದೆ, ಬೈಕುಗಳನ್ನು ಸಂದಿಯಲ್ಲಿ ತುಂಬಿಸುತ್ತಾರೆ. ಗೇರಿನಲ್ಲಿ ಹಾಕಿ ಇಂಜಿನ್ ಬಂದ್ ಮಾಡಿ, ಪಕ್ಕದಲ್ಲಿ ನಿಂತು ಹಿಡಿದುಕೊಳ್ಳಿ. ಇಳಿಯುವ ಇಳಿಜಾರಿನ ಮೇಲೆ ನೀರು ಇರುತ್ತದೆ, ಮುಂದಿನ ಬ್ರೇಕ್ ಒತ್ತಬೇಡಿ.

ಕೊಚ್ಚಿ ನಮಗೆ ದೂರವಾಯಿತು ಅಕ್ಕೋರೇ. ಶಿರಸಿಯಿಂದ ಎರಡು ದಿನದಲ್ಲಿ ಹೋಗಿಬರುವ ಹಾಗೆ ಎಲ್ಲಾದರೂ ಫೆರಿ ಇದೆಯಾ? — ಶಿರಸಿ

ಎರಡು ಹೇಳುತ್ತೇನೆ. ಮೊದಲನೆಯದು ಪಣಜಿ. ಕಾರವಾರಕ್ಕೆ ಇಳಿದು ಗೋವಾ ಸರಕಾರದ ಕದಂಬ ಬಸ್ಸು ಹಿಡಿಯಿರಿ. ಮಾಂಡವಿ ನದಿಯ ಮೇಲೆ ಪಣಜಿಯಿಂದ ಎದುರಿನ ಬೆತಿಮಿಗೆ ಫೆರಿ ಇದೆ. ಹಳೆ ಗೋವಾದ ಚರ್ಚುಗಳನ್ನು ನೋಡಿ ಹಾಗೆಯೇ ನದಿಯ ಕಡೆ ನಡೆದರೆ ವೈಸರಾಯ್ ಕಮಾನು, ಅದರ ಮುಂದೆ ಜೆಟ್ಟಿ. ಅಲ್ಲಿಂದ ದಿವಾಡಿ ದ್ವೀಪಕ್ಕೆ ಹೋಗಿ. ಗದ್ದೆ, ಹಳೆ ಮನೆಗಳು, ಗಲಾಟೆ ಇಲ್ಲದ ಊರು. ಈ ಹಳೆ ಫೆರಿಗಳಲ್ಲಿ ನಡೆದು ಬರುವವರಿಗೆ ಟಿಕೆಟ್ಟೇ ಇಲ್ಲ. ದಿವಾಡಿಯಲ್ಲಿ ಆಟೊ ಸಿಗುವುದು ಕಷ್ಟ, ಪಣಜಿಯಲ್ಲೇ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಅದನ್ನೂ ಫೆರಿಯಲ್ಲಿ ಹಾಕಬಹುದು.

ಎರಡನೆಯದು ನಮ್ಮದೇ ಜಿಲ್ಲೆಯದು, ಜನ ಯಾಕೋ ಮರೆಯುತ್ತಾರೆ. ಗೋಕರ್ಣದಿಂದ ತದಡಿಗೆ ಬನ್ನಿ. ಅಲ್ಲಿಂದ ನದಿ ದಾಟಿಸುತ್ತಾರೆ, ಬೈಕೂ ಹಾಕಿಕೊಳ್ಳುತ್ತಾರೆ. ಆಚೆ ದಡದಲ್ಲಿ ಅಘನಾಶಿನಿ ಊರು. ಅಲ್ಲಿಂದ ಕುಮಟಾ ಹತ್ತಿರ, ಹೆದ್ದಾರಿಗೆ ಹೋಗಿ ಸುತ್ತುವ ಕೆಲಸ ಇಲ್ಲ. ನದಿ ಸಮುದ್ರ ಸೇರುವ ಜಾಗ ದೋಣಿಯಿಂದ ಚೆನ್ನಾಗಿ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಹೋದರೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವುದು ಕಾಣುತ್ತದೆ. ಸಂಜೆ ತಡ ಮಾಡಬೇಡಿ, ಕತ್ತಲಾಗುವ ಮೊದಲು ದಾಟಿ ಕುಮಟಾ ಬಸ್ ಸ್ಟ್ಯಾಂಡ್ ಸೇರಿಕೊಂಡರೆ ಅಲ್ಲಿಂದ ಶಿರಸಿಗೆ ದೇವಿಮನೆ ಘಟ್ಟದ ಬಸ್ಸು ಸಿಗುತ್ತದೆ.